ಹಿತ್ತಾಳೆಗೆ ಎಷ್ಟು ವೇಗ?

ನನ್ನ ಯಂತ್ರದ ವೇಗ ನನ್ನ ಹೆಂಡತಿಯ ಮೂಗಿನ ತುದಿಯ ಮೇಲಿದೆ. ನೀವು ನಗಬಹುದು. ಯಂತ್ರ ನಿಮ್ಮದಲ್ಲ, ಮೂಗು ನಿಮ್ಮ ಮನೆಯದಲ್ಲ, ನಗುವುದಕ್ಕೆ ನಿಮಗೇನು ಖರ್ಚು? ಆದರೆ ಒಂದು ಕೈಯಲ್ಲಿ ಯಂತ್ರದ ಹಿಡಿಕೆ, ಇನ್ನೊಂದು ಕೈಯಲ್ಲಿ ಕಬ್ಬಿಣದ ತುಂಡು ಹಿಡಿದುಕೊಂಡು, ಎದುರಿಗೆ ಕೂತ ಹೆಂಡತಿಯ ಮುಖ ನೋಡುತ್ತ, ಈಗ ಇವಳ ತವರನ್ನು ಹೊಗಳಲೋ, ನನ್ನ ಅಕ್ಕನ ಹೆಸರೆತ್ತಲೋ ಎಂದು ಚಡಪಡಿಸುವವನ ಕಷ್ಟ ಆ ದೇವರಿಗೇ ಗೊತ್ತು.

ಮೊದಲಿನಿಂದ ಹೇಳುತ್ತೇನೆ. ನಾನು ಶಿವಪುತ್ರಪ್ಪ, ಗದಗಿನ ಕಡೆಯವನು. ಪುಣೆ ಕ್ಯಾಂಪಿನ ಆಚೆಗಿನ ಒಂದು ಕಾರಖಾನೆಯಲ್ಲಿ ಹಾಜರಿ ಗುಮಾಸ್ತ. ಆಗ ಯುದ್ಧದ ಕಾಲ, ಕಾರಖಾನೆಗೆ ಬಿಡುವೇ ಇಲ್ಲ. ಬಿಡುವಿದ್ದದ್ದು ನನಗೊಬ್ಬನಿಗೆ. ಹಾಜರಿ ಹಾಕುವ ಕೆಲಸ ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು. ಉಳಿದ ಹೊತ್ತೆಲ್ಲ ಕುರ್ಚಿಯ ಮೇಲೆ ಕೂಡಬೇಕು. ಕೂಡುವುದೊಂದೇ ನನ್ನ ಕೈಲಾಗದ ಕೆಲಸ. ಊಟಕ್ಕೆ ಕೂತರೂ ನನ್ನ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತದೆ. (ಅಕ್ಷತೆ ಬೀಳುವ ಹೊತ್ತಿನಲ್ಲೂ ಕುಣಿಯುತ್ತಿತ್ತಂತೆ, ಹುಡುಗನಿಗೆ ಛಳಿಜ್ವರವೆಂದು ಹೆಣ್ಣಿನ ಕಡೆಯವರು ಗುಸುಗುಸು ಮಾಡಿದರಂತೆ. ಇದನ್ನು ನನ್ನವಳು ಇವತ್ತಿಗೂ ಹೇಳುತ್ತಾಳೆ.) ಹಾಗಾಗಿ ಕುರ್ಚಿ ಬಿಟ್ಟೆದ್ದು ಡ್ರಿಲ್ ಖಾತೆಯ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ತೂತು ಕೊರೆಯುವ ಯಂತ್ರಗಳ ಸಾಲು. ಗೋಡೆಯ ಮೇಲೊಂದು ಹಲಗೆ. ಕಟ್ಟಿಗೆಗೆ ಜೋರು, ಹಿತ್ತಾಳೆಗೆ ಮಧ್ಯಮ, ಕಬ್ಬಿಣ ಉಕ್ಕಿಗೆ ನಿಧಾನ ಮತ್ತು ಮೇಲಿಷ್ಟು ಎಣ್ಣೆ. ತೂತು ಸಣ್ಣದಿದ್ದರೆ ವೇಗ ಏರಿಸು, ದೊಡ್ಡದಿದ್ದರೆ ಇಳಿಸು ಎಂದು ಅದರ ಮೇಲೆ ಬರೆದಿತ್ತು. ದಿನಾಲೂ ಓದಿ ಓದಿ ಆ ವಿದ್ಯೆಯೆಲ್ಲ ನನಗೆ ಸಿದ್ಧಿಸಿಬಿಟ್ಟಿತೆಂದು ಅನ್ನಿಸಲು ಶುರುವಾಯಿತು. ಕೈ ಕಡಿಯತೊಡಗಿತು. ಏನಾದರೊಂದಕ್ಕೆ ತೂತು ಕೊರೆಯದಿದ್ದರೆ ನನಗೆ ನಿದ್ದೆಯಿಲ್ಲ ಎಂಬ ಸ್ಥಿತಿಗೆ ಬಂದೆ.

ಹೀಗಿರುವಾಗ ಒಂದು ರವಿವಾರ ಜುನಾ ಬಜಾರಿನಲ್ಲಿ, ಮುರುಕು ಸೈಕಲ್ಲು, ತೂತುಬಿದ್ದ ಬಕೆಟ್ಟುಗಳ ನಡುವೆ ಒಂದು ಪುಟ್ಟ ಡ್ರಿಲ್ ಯಂತ್ರ ನನಗಾಗಿಯೇ ಎಂಬಂತೆ ನಿಂತಿತ್ತು. ಮೋಟಾರಿಲ್ಲ. ವೇಗ ಬದಲಿಸುವುದಕ್ಕೆಂದು ಅದಕ್ಕೊಂದು ಮೂರು ಮೆಟ್ಟಿಲಿನ ಗಾಲಿ ಇರುತ್ತದೆ, ಪಟ್ಟಿಯನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜರುಗಿಸಬೇಕು. ಈ ಗಾಲಿಯಲ್ಲಿ ಎರಡು ಮೆಟ್ಟಿಲು ಒಡೆದುಹೋಗಿ ಒಂದೇ ಉಳಿದಿತ್ತು. ಆದರೆ ಕೊರೆಯುವ ಬಿಟ್ಟುಗಳು ಜೊತೆಗಿದ್ದವು. ಅವುಗಳಲ್ಲಿ ಒಂದಂತೂ ಗೋಣಿದಬ್ಬಳಕ್ಕಿಂತ ಸಣ್ಣ, ಅಸಲೀ ವಿಲಾಯತಿ ಮಾಲು. ಯುದ್ಧದಲ್ಲಿ ಅಂಥದ್ದು ಇಡೀ ಪುಣೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಟಾಂಗಾ ಮಾಡಿಕೊಂಡು ಎಲ್ಲವನ್ನೂ ಕಸಬಾ ಪೇಠಿನಲ್ಲಿ ನಾವು ಬಾಡಿಗೆಗಿದ್ದ ವಾಡೆಗೆ ತಂದೆ.

ನನ್ನ ಹೆಂಡತಿ ರುದ್ರವ್ವ ಬಾಗಿಲಲ್ಲೇ ನಿಂತಿದ್ದಳು.

"ಏನ್ರಿ ಇದು? ಕೋಳಿ ಕಾಳು ಹೆಕ್ಕೋಹಂಗ ನಿಂತದ?"

"ಇದು ರಂಧ್ರೋತ್ಪಾದಕ ಯಂತ್ರ," ಎಂದೆ ಗಂಭೀರವಾಗಿ.

"ಅಂದ್ರ?"

"ತೂತು ಕೊರೆಯೋದು."

"ಮನ್ಯಾಗ ತೂತಿಗೇನ ಬರ ಬಂದದೇನ್ರಿ? ಗ್ವಾಡಿ ತುಂಬ ತೂತು, ಚಾದರಿನ ತುಂಬ ತೂತು, ನಿಮ್ಮ ಬನಿಯನ್ನಿನಾಗ ತೂತಿನ ನಡುವ ಅಲ್ಲಲ್ಲೆ ಅರಿವಿ ಅದ. ಇನ್ನೂ ಬೇಕಂತ ಯಂತ್ರ ತಂದೀರಿ?"

ವಿಜ್ಞಾನಿಗಳಿಗೆ ಮನೆಯಲ್ಲಿ ಇಂಥ ವಿರೋಧ ಹೊಸದಲ್ಲ. ನಾನು ಸುಮ್ಮನೆ ಕೆಲಸಕ್ಕೆ ತೊಡಗಿದೆ. ಅವಳ ಹೊಲಿಗೆಯಂತ್ರದ ತಲೆ ಎಂದೋ ಅವಳ ತಂಗಿಯ ಮನೆ ಸೇರಿತ್ತು. ಕಾಲಿನಿಂದ ಮೆಟ್ಟುವ ಸ್ಟ್ಯಾಂಡು ಮಾತ್ರ ನೀರಿನ ಕೊಡ ಹೊತ್ತುಕೊಂಡು ಮೂಲೆಯಲ್ಲಿತ್ತು. ಕೊಡ ಇಳಿಸಿ, ಸ್ಟ್ಯಾಂಡಿನ ಗಾಲಿಗೂ ಡ್ರಿಲ್ಲಿನ ಗಾಲಿಗೂ ನೂಲಿನ ಹುರಿ ಬಿಗಿದೆ. ಮೊದಲು ನಾನೇ ಮೆಟ್ಟಿ ನೋಡಿದೆ. ನನ್ನ ಕಾಲು ಕುಣಿದರೆ ಕೈಯೂ ಕುಣಿಯುತ್ತದೆ. ತೂತು ಮೂರು ಮೂಲೆಯದಾಯಿತು. ಮೆಟ್ಟುವುದಕ್ಕೆ ಬೇರೆ ಕಾಲು ಬೇಕು. ಆ ಕಾಲು ಯಾರದೆಂದು ಹೇಳಬೇಕಾಗಿಲ್ಲ.

ಮೊದಲನೆಯ ಕೆಲಸ ವಾಡೆಯ ಮಾಲಕಿ ರಂಗೂಬಾಯಿಯವರದು. ಅವರು ನಮ್ಮ ಮೇಲಿನ ಮಾಳಿಗೆಯಲ್ಲಿ ಇರುವವರು. ಯಂತ್ರ ಗುಡುಗಿದ ಕೂಡಲೇ ಮೆಟ್ಟಿಲಿಳಿದು ಬಂದು, "ಅಹೋ, ಹೇ ಕಾಯ್ ಚಾಲ್ಲಂಯ್? ಮಾಝೇ ದೇವ್ ಹಲತಾಯತ್!" ಎಂದರು. ಅವರ ದೇವರಗೂಡಿನಲ್ಲಿ ದೇವರುಗಳು ನಡುಗುತ್ತಿದ್ದವಂತೆ. ಅವರನ್ನು ಸಮಾಧಾನ ಮಾಡಲು ಅವರ ಮುರುಕು ದೇವರ ಮಣೆಗೆ ತೂತು ಕೊರೆದು ಕಾಲು ಜೋಡಿಸಿಕೊಡುತ್ತೇನೆಂದೆ.

ಕಟ್ಟಿಗೆಗೆ ಜೋರು ವೇಗ ಬೇಕಲ್ಲ? ರುದ್ರವ್ವ ಮಾತ್ರ ತೊಟ್ಟಿಲು ತೂಗುವ ಹಾಗೆ ಮೆಟ್ಟುತ್ತಿದ್ದಳು. ಬಿಟ್ಟು ಕಟ್ಟಿಗೆಯನ್ನು ಕೊರೆಯುವ ಬದಲು ಕೀಳತೊಡಗಿತು. "ಜೋರಾಗಿ ಮೆಟ್ಟು" ಎಂದೆ. "ಮೆಟ್ಟಲಿಕ್ಕತ್ತೀನಲ್ಲ" ಎಂದಳು. ನನಗೆ ತಾಳ್ಮೆ ತಪ್ಪಿತು.

"ನಮ್ಮ ಭೀಮಕ್ಕ ಇದ್ದಿದ್ರ ಹಿಂಗ ಮೆಟ್ತಿದ್ದಿಲ್ಲ ನೋಡು."

ಭೀಮಕ್ಕ ನನ್ನ ಅಕ್ಕ, ರೋಣಕ್ಕೆ ಕೊಟ್ಟದ್ದು. ನಮ್ಮ ಮದುವೆಯಾದ ಹೊಸದರಲ್ಲಿ ರುದ್ರವ್ವ ಬಡಿದ ಮೊದಲನೆಯ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇದರಾಗ ಹಾಯಿಸಿ ನೋಡಿದ್ರ ಗದಗ ಟೇಶನ್ ಕಾಣಸ್ತದ" ಎಂದವಳು. ಆ ತೂತಿನ ರೊಟ್ಟಿ ನಮ್ಮ ಸಂಸಾರದಲ್ಲಿ ಇನ್ನೂ ಜೀರ್ಣವಾಗಿಲ್ಲ. ಅಕ್ಕನ ಹೆಸರು ನನ್ನ ಬಾಯಿಂದ ಬಿದ್ದದ್ದೇ ತಡ, ಸ್ಟ್ಯಾಂಡು ಧಡಧಡ ಎಂದಿತು, ಹುರಿ ಹಾಡಿತು, ಬಿಟ್ಟು ಕಟ್ಟಿಗೆಯೊಳಗೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಎಂಥ ನಯವಾದ ತೂತು! ನಾನು ರೋಮಾಂಚಿತನಾದೆ.

ಮರುದಿನ ರಂಗೂಬಾಯಿಯವರ ಕಬ್ಬಿಣದ ಹಂಚಿನ ಹಿಡಿಕೆ ಬಂತು. ಕಬ್ಬಿಣಕ್ಕೆ ನಿಧಾನ ಬೇಕು. ಇವಳ ಸಿಟ್ಟೋ ಇನ್ನೂ ಇಳಿದಿರಲಿಲ್ಲ. ಕೀರಲು ಸದ್ದು ಬಂತು, ಹೊಗೆ ಬಂತು, ಬಿಟ್ಟಿನ ಮೊನೆ ಸುಟ್ಟು ನೀಲಿಯಾಗಿ ಒಂದು ಒಳ್ಳೆಯ ಬಿಟ್ಟು ಹಾಳಾಯಿತು. ಎದೆಗೆ ಕೈ ಇಟ್ಟುಕೊಂಡು ಕೂತೆ. ಆಮೇಲೆ ಹೊಸ ಬಿಟ್ಟು ಸಿಕ್ಕಿಸಿ, ಎಣ್ಣೆ ಹಾಕಿ, ಮೆಲ್ಲಗೆ ಹೇಳಿದೆ:

"ನಿಮ್ಮ ಅವ್ವನ ಕೈಯಾಗಿನ ಗುರೆಳ್ಳ ಹಿಂಡಿ ಯಾಕೋ ಇವತ್ತ ಭಾಳ ನೆನಪಾಗಲಿಕ್ಕತ್ತದ."

ಕಾಲು ತಾನಾಗಿಯೇ ಸಾವಕಾಶವಾಯಿತು. ರುದ್ರವ್ವನ ಕಣ್ಣು ಕಿಟಕಿಯಾಚೆ ಮುಳಗುಂದದ ತವರಿನ ಕಡೆ ಹೋಯಿತು. "ಹೌದೇನ್ರಿ?" ಎಂದಳು. ಕಬ್ಬಿಣದಿಂದ ಸುರುಳಿ ಸುರುಳಿಯಾಗಿ ತುಣುಕು ಹೊರಬಂತು.

ಮೂರು ಮೆಟ್ಟಿಲಿನ ಗಾಲಿ ಯಾರಿಗೆ ಬೇಕು? ಕಟ್ಟಿಗೆಗೆ ಅಕ್ಕ, ಕಬ್ಬಿಣಕ್ಕೆ ಅತ್ತೆ. ಇಂಥ ಶೋಧನೆ ವಿಲಾಯತಿಯಲ್ಲಾಗಿದ್ದರೆ ನನ್ನ ಭಾವಚಿತ್ರ ಪತ್ರಿಕೆಗಳಲ್ಲಿ ಬರುತ್ತಿತ್ತು. ಇಲ್ಲಿ ಯಾರಿಗೂ ಹೇಳುವಂತೆಯೂ ಇಲ್ಲ. ಹೇಳಿದರೆ ಯಂತ್ರವೇ ನಿಂತುಹೋಗುತ್ತದೆ. ಒಳಗೊಳಗೇ ಹಿಗ್ಗಿದೆ.

ವಿಚಿತ್ರವೆಂದರೆ ಅಲ್ಲಿಂದ ಮುಂದೆ ಬಂದ ಕೆಲಸವೆಲ್ಲ ಕಬ್ಬಿಣದ್ದೇ. ಬಾವಿಯ ರಾಟೆಯ ಕೊಂಡಿ, ಪಾಯಖಾನೆಯ ಚಿಲಕ, ಓಣಿಯ ಯಾರದೋ ಟ್ರಂಕಿನ ಪಟ್ಟಿ. ಯಂತ್ರವನ್ನು ಬೈದ ರುದ್ರವ್ವನೇ ಈಗ ಮನೆಮನೆಗೆ ಹೋಗಿ ಕೆಲಸ ತರುತ್ತಿದ್ದಳು. ಇವಳಿಗೂ ವಿಜ್ಞಾನದ ರುಚಿ ಹತ್ತಿತೆಂದು ಸಂತೋಷಪಟ್ಟೆ. ಆದರೆ ಹೊಗಳಿಕೆಯ ದಾಸ್ತಾನು ಮುಗಿಯುತ್ತ ಬಂತು. ಅತ್ತೆಯ ಹಿಂಡಿ ಆಯಿತು, ಮಾವನ ಮೀಸೆ ಆಯಿತು, ಕಡ್ಡಿ ಎತ್ತಿ ಆ ಕಡೆ ಇಡದ ಭಾವಮೈದುನನ ಕಷ್ಟಸಹಿಷ್ಣುತೆಯೂ ಆಯಿತು. ಕೊನೆಗೆ ಒಂದು ದಪ್ಪ ಸರಳಿಗೆ ತೂತು ಬೀಳುವಷ್ಟರಲ್ಲಿ ಅವರ ಎಮ್ಮೆಯ ನಡಿಗೆಯನ್ನು ಹೊಗಳುವ ಪ್ರಸಂಗ ಬಂತು.

ಇಂಥ ಹೊತ್ತಿನಲ್ಲಿ ಒಂದು ದಿನ ಬೆಳಗಿನ ಗಾಡಿಗೆ ಭೀಮಕ್ಕನೇ ಬಂದಿಳಿದಳು. ಕೈಯಲ್ಲಿ ಅರಿವೆಯ ಗಂಟು. ಗಂಟು ಬಿಚ್ಚಿದರೆ ಥಳಥಳ ಹೊಳೆಯುವ ದುಂಡನೆಯ ಹಿತ್ತಾಳೆಯ ಬಿಲ್ಲೆ.

"ಶಿವ್ಯಾ, ಇದಕ್ಕ ಶಾವಿಗಿ ತೂತು ಕೊರದು ಕೊಡು."

ಸಂಗತಿ ಹೀಗೆ. ಅಕ್ಕನ ಮನೆ ಹಿಸ್ಸೆಯಾದಾಗ ಪಾತ್ರೆ ಪಡಗವನ್ನೂ ಪಂಚರು ಸಮನಾಗಿ ಹಂಚಿದ್ದರು. ಶಾವಿಗೆ ಒತ್ತುವ ಒರಳು ಅಕ್ಕನಿಗೆ ಬಂತು. ಅದರ ತಳಕ್ಕೆ ಕೂರಿಸುವ ತೂತಿನ ಬಿಲ್ಲೆ ಅವಳ ನೆಗೆಣ್ಣಿಯ ಪಾಲಿಗೆ ಹೋಯಿತು. ಇವಳು ಒರಳು ಕೊಡಲಿಲ್ಲ, ಅವಳು ಬಿಲ್ಲೆ ಕೊಡಲಿಲ್ಲ. ಎರಡು ಮನೆಯಲ್ಲೂ ಅಂದಿನಿಂದ ಶಾವಿಗೆ ಇಲ್ಲ. ಈಗ ಅಕ್ಕನ ಮಗಳ ಲಗ್ನ ಗೊತ್ತಾಗಿತ್ತು. ಮದುವೆಮನೆಯಲ್ಲಿ ಮೊದಲು ಶಾವಿಗೆಯ ಮುಹೂರ್ತ ಆಗಬೇಕು, ಮೊದಲ ಬುಟ್ಟಿ ಗಂಡಿನ ಮನೆಗೆ ಹೋಗಬೇಕು.

"ಆಕಿ ಮನೀ ಬಾಗಿಲಿಗೆ ನಾ ಬಿಲ್ಲಿ ಬೇಡಲಿಕ್ಕೆ ಹೋಗಲೇನು?" ಎಂದಳು ಅಕ್ಕ. "ನನ್ನ ತಮ್ಮ ಪುಣೇದಾಗ ಸರಕಾರದ ತೋಪಿಗೆ ತೂತು ಕೊರೀತಾನ, ಬಿಲ್ಲಿಗೆ ಕೊರೀಲಿಕ್ಕೆ ಏನ ಧಾಡಿ ಅಂತ ಎಲ್ಲಾರ ಮುಂದ ಹೇಳಿ ಬಂದೀನಿ. ಇವತ್ತ ಸಂಜೀ ಗಾಡಿಗೆ ಹೊಂಟೆ. ಇದು ಕೆಟ್ತಂದ್ರ ನಾ ಆ ಊರಾಗ ತಲಿ ಎತ್ತಿ ಅಡ್ಡಾಡೂಹಂಗಿಲ್ಲ."

(ತೋಪಿನ ಮಾತು ರೋಣಕ್ಕೆ ಹೇಗೆ ಮುಟ್ಟಿತೆಂದು ದಯಮಾಡಿ ಕೇಳಬೇಡಿ.)

ನನ್ನ ಎರಡೂ ಮೊಣಕಾಲು ಕುಣಿಯತೊಡಗಿದವು. ಯುದ್ಧದಲ್ಲಿ ಇನ್ನೊಂದು ಹಿತ್ತಾಳೆ ಬಿಲ್ಲೆ ಸಿಗುವುದಿಲ್ಲ. ಶಾವಿಗೆಯಷ್ಟು ಸಣ್ಣ ತೂತಿಗೆ ನನ್ನಲ್ಲಿದ್ದದ್ದು ಆ ಒಂದೇ ವಿಲಾಯತಿ ಬಿಟ್ಟು. ಅದು ಮುರಿದರೆ ಅಲ್ಲಿಗೆ ಮುಗಿಯಿತು. ಹಿತ್ತಾಳೆಯ ಸ್ವಭಾವ ಬೇರೆ ಕೆಟ್ಟದ್ದು. ಮೆತ್ತಗಿದ್ದ ಹಾಗೆ ಕಾಣುತ್ತದೆ, ವೇಗ ಸ್ವಲ್ಪ ಹೆಚ್ಚುಕಡಿಮೆಯಾಗಿ ಕೈ ಜರುಗಿದರೆ ಬಿಟ್ಟನ್ನು ಗಬಕ್ಕನೆ ಕಚ್ಚಿಹಿಡಿಯುತ್ತದೆ. ಅದಕ್ಕೆ ಬೇಕಾದದ್ದು ಹದವಾದ, ಒಂದೇ ಸಮನಾದ ಮಧ್ಯಮ ವೇಗ. ಜೋರಿಗೆ ಅಕ್ಕ ಇದ್ದಾಳೆ, ನಿಧಾನಕ್ಕೆ ಅತ್ತೆ ಇದ್ದಾಳೆ. ಮಧ್ಯಮಕ್ಕೆ ಯಾರಿದ್ದಾರೆ?

ಬಿಲ್ಲೆಯ ಮೇಲೆ ವರ್ತುಲ ವರ್ತುಲವಾಗಿ ಗುರುತು ಹೊಡೆದು, ಅದನ್ನು ಹಲಗೆಗೆ ಮೊಳೆ ಬಡಿದು ಕೂರಿಸಿದೆ. ರುದ್ರವ್ವ ಬಂದು ಸ್ಟ್ಯಾಂಡಿಗೆ ಕೂತಳು. ಅವಳ ಪಕ್ಕದಲ್ಲೇ ಮಣೆ ಹಾಕಿಕೊಂಡು ಅಕ್ಕ ಕೂತಳು. ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು. ರುದ್ರವ್ವನ ಕಾಲು ಅಲುಗಲೇ ಇಲ್ಲ. ಇದು ಕಾರಖಾನೆಯ ಹಲಗೆಯ ಮೇಲೆ ಬರೆಯದಿದ್ದ ವೇಗ.

"ಮುಳಗುಂದದ ಮೊಸರು..." ಎಂದು ತೊದಲಿದೆ. ಕಾಲು ಮೆಲ್ಲಗೆ ಆಡಿತು.

"ಯಾಕ, ನಮ್ಮನೀ ಮೊಸರಿಗೆ ಏನ ಆಗಿತ್ತೋ?" ಎಂದಳು ಅಕ್ಕ.

"ನಿಮ್ಮನೀದೂ ಭಾಳ ಛಲೋ ಅಕ್ಕಾ. ಅದಕ್ಕಿಂತ..."

ಆ ವಾಕ್ಯವನ್ನು ನಾನು ಮುಗಿಸಲಿಲ್ಲ. ಸ್ಟ್ಯಾಂಡು ಸಿಡಿಲಿನಂತೆ ಗುಡುಗಿತು. ಹಿತ್ತಾಳೆ ಬಿಟ್ಟನ್ನು ಕಚ್ಚಿತು, ಬಿಲ್ಲೆ ಮೊಳೆ ಕಿತ್ತುಕೊಂಡು ಗಿರ್ರನೆ ತಿರುಗಿ, ನನ್ನ ಹೆಬ್ಬೆರಳಿಗೆ ಬಡಿದು, ಬಾಗಿಲು ದಾಟಿ, ಅಂಗಳದಲ್ಲಿ ರಂಗೂಬಾಯಿಯವರು ಒಣಹಾಕಿದ ಮೆಣಸಿನಕಾಯಿಯ ರಾಶಿಯಲ್ಲಿ ಹೋಗಿ ಮಲಗಿತು. ಹಿಡಿಕೆ ತಾನೇ ಮೇಲಕ್ಕೆ ಹಾರಿದ್ದರಿಂದ ಬಿಟ್ಟು ಉಳಿಯಿತು. ನಾನು ಬಿಲ್ಲೆ ತರಲು ಓಡಿ, ರಕ್ತ ಸುರಿಯುವ ಬೆರಳಿಗೆ ಮೆಣಸಿನಕಾಯಿಯ ಖಾರ ಹತ್ತಿ, ಕೈ ಝಾಡಿಸುತ್ತ ಅಂಗಳದ ತುಂಬ ಒಂಟಿಕಾಲಲ್ಲಿ ಕುಣಿದೆ. (ಪೆಟ್ಟು ಬಿದ್ದದ್ದು ಬೆರಳಿಗೆ. ಕಾಲು ಯಾಕೆ ಎತ್ತಿದೆನೋ ತಿಳಿಯದು.)

ಬೆರಳಿಗೆ ಚಿಂದಿ ಸುತ್ತಿಕೊಂಡು ಒಳಗೆ ಬಂದಾಗ ಅಕ್ಕ ನಗುತ್ತಿದ್ದಳು.

"ರುದ್ರವ್ವಾ, ಸಣ್ಣವಿದ್ದಾಗೂ ಹಿಂಗs ಕುಣೀತಿದ್ದ ಇಂವ. ಒಮ್ಮೆ ಬೆಲ್ಲ ಕದಿಯಲಿಕ್ಕೆ ಅಟ್ಟ ಏರಿದ, ಇಳೀಲಿಕ್ಕೆ ಬರಲಿಲ್ಲ. ಅಲ್ಲೇ ಕೂತು ಎಮ್ಮೀನ ಕರೀತಿದ್ದ, 'ಬಾರವ್ವಾ ಎಮ್ಮವ್ವಾ, ನಿನ್ನ ಬೆನ್ನಿನ ಮ್ಯಾಲೆ ಇಳೀತೀನಿ' ಅಂತ."

ರುದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಈಗೇನ ಕಡಿಮಿ ಅದಾರಂತ ತಿಳದೀರೇನ್ರಿ ಅಕ್ಕಾರ? ಹೋದ ವಾರ ಬೆಕ್ಕು ಪಾತೇಲಿ ಕೆಡವಿದ್ದಕ್ಕ ಬಾಂಬು ಬಿತ್ತಂತ ಮಂಚದ ಬುಡಕ ಹೊಕ್ಕರು. ಹೊರಗ ಬರಲಿಕ್ಕೆ ಆಗಲಾರದ ರಂಗೂಬಾಯಾರನ್ನ ಕರದು ಜಗ್ಗಿಸಬೇಕಾತು!"

ಹೇಳುತ್ತ ಹೇಳುತ್ತ ಅವಳ ಕಾಲು ತನಗರಿವಿಲ್ಲದೆ ಸ್ಟ್ಯಾಂಡನ್ನು ಮೆಟ್ಟತೊಡಗಿತ್ತು. ನಾನು ಕಿವಿಗೊಟ್ಟೆ. ಜೋರಲ್ಲ, ನಿಧಾನವೂ ಅಲ್ಲ. ಗಡಿಯಾರದ ಹಾಗೆ ಒಂದೇ ಸಮ. ಸಿಟ್ಟಿನಲ್ಲಿ ಕಾಲು ಓಡುತ್ತದೆ, ಮಮತೆಯಲ್ಲಿ ತೆವಳುತ್ತದೆ. ಗಂಡನನ್ನು ಚಪ್ಪರಿಸಿಕೊಂಡು ಆಡಿಕೊಳ್ಳುವಾಗ ಮಾತ್ರ ಹದವಾಗಿ ನಡೆಯುತ್ತದೆ. ಹಿತ್ತಾಳೆಯ ವೇಗ ಇದೇ! ಬೇಗಬೇಗ ಬಿಲ್ಲೆಯನ್ನು ಮತ್ತೆ ಬಿಗಿದು ಕೊರೆಯಲು ಶುರುಮಾಡಿದೆ.

ಒಂದೊಂದು ತೂತಿಗೆ ನನ್ನ ಒಂದೊಂದು ಮಾನ ಹೋಯಿತು. ನಡುವಿನ ವರ್ತುಲ ಮುಗಿಯುವಷ್ಟರಲ್ಲಿ ನನ್ನ ಬಾಲ್ಯ ಮುಗಿದಿತ್ತು. ಆಮೇಲೆ ಮದುವೆಯ ಛಳಿಜ್ವರ ಬಂತು, ನಾನು ರೈಲಿನಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಇಳಿದದ್ದು ಬಂತು, ಮೀಸೆಗೆ ಬಣ್ಣ ಹಚ್ಚಲು ಹೋಗಿ ಮೂಗು ಕಪ್ಪು ಮಾಡಿಕೊಂಡದ್ದು ಬಂತು. ಹಿತ್ತಾಳೆಯ ಪುಡಿ ಬಂಗಾರದ ಹಾಗೆ ಉದುರುತ್ತಿತ್ತು. ನನಗೆ ಒಳಗೆ ಉರಿಯುತ್ತಿತ್ತು. ಬಾಯಿ ತೆರೆಯುವ ಹಾಗಿಲ್ಲ. ತೆರೆದರೆ ಅಕ್ಕನ ಬಿಲ್ಲೆ ಕೆಡುತ್ತದೆ.

ಕಡೆಯ ವರ್ತುಲಕ್ಕೆ ಬಂದಾಗ ಇಬ್ಬರೂ ನಕ್ಕು ನಕ್ಕು ದಣಿದು ಸುಮ್ಮನಾದರು. ಕಾಲು ಸಡಿಲಾಯಿತು. ಆಗ ಅಕ್ಕ ಕಣ್ಣೊರೆಸಿಕೊಂಡು, "ಅಂದಂಗ ರುದ್ರವ್ವಾ, ಆವತ್ತಿನ ಆ ರೊಟ್ಟಿ..." ಎಂದು ಶುರುಮಾಡಿದಳು.

ಬಿಟ್ಟು ಹಿತ್ತಾಳೆಯ ಒಳಗಿತ್ತು. ಆ ರೊಟ್ಟಿಯ ಮಾತು ಇನ್ನೊಂದು ಅಕ್ಷರ ಮುಂದೆ ಹೋದರೆ ಬಿಟ್ಟೂ ಇಲ್ಲ, ಬಿಲ್ಲೆಯೂ ಇಲ್ಲ, ಲಗ್ನದ ಶಾವಿಗೆಯೂ ಇಲ್ಲ. ಏನಾದರೂ ಕೊಡಬೇಕು, ದೊಡ್ಡದನ್ನೇ ಕೊಡಬೇಕು.

"ಸೋಮವಾರ ಸೋಮವಾರ ಉಪವಾಸ ಅಂತೀನಲ್ಲ, ನಾ ಇರೂದಿಲ್ಲ!" ಎಂದು ಕೂಗಿದೆ. "ಕ್ಯಾಂಪಿನ ಇರಾಣಿ ಹೋಟೆಲಿಗೆ ಹೋಗಿ ಬನ್ ಮಸ್ಕಾ ತಿಂತೀನಿ!"

"ಏನಂದ್ರಿ?" ಎಂದಳು ರುದ್ರವ್ವ.

"ಶಿವ ಶಿವಾ!" ಎಂದಳು ಅಕ್ಕ.

"ನೋಡ್ರಿ ಅಕ್ಕಾರ! ಹೊಟ್ಟಿ ಹಸದು ಬರ್ತಾರಂತ ನಾ ಸಾಬೂದಾಣಿ ಹುರದು, ಬಾಳಿ ಹಣ್ಣು ಹೆಚ್ಚಿ, ಹಾಲು ಕಾಸಿ ದಾರಿ ಕಾಯತೀನಿ. ಇವರು 'ಭಾಳ ನಿತ್ರಾಣ ಆಗ್ಯದ' ಅಂತ ಎರಡೆರಡು ಸಲ ನೀಡಿಸಿಕೋತಾರ!"

"ನಮ್ಮವ್ವಗೂ ಹಿಂಗs ಮೋಸ ಮಾಡ್ತಿದ್ದ ರುದ್ರವ್ವಾ, ಶಿವರಾತ್ರಿಗೆ!"

ರುದ್ರವ್ವನಿಗೆ ಬಂದದ್ದು ಸಣ್ಣ ಸಿಟ್ಟಲ್ಲ. ಆದರೆ ಅದು ಇಬ್ಬರಲ್ಲಿ ಹಂಚಿಹೋದದ್ದರಿಂದ ಕಾಲಿಗೆ ಅರ್ಧವೇ ಇಳಿಯಿತು. ಆ ಅರ್ಧ ಹಿತ್ತಾಳೆಗೆ ಸರಿಹೋಯಿತು. ಶಿವರಾತ್ರಿಯ ಕಥೆ ಮುಗಿಯುವಷ್ಟರಲ್ಲಿ ಕೊನೆಯ ತೂತೂ ಬಿತ್ತು.

ಅಕ್ಕ ಬಿಲ್ಲೆಯನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದಳು. ತೂತುತೂತಿನಿಂದ ಬೆಳಕು ಅವಳ ಮುಖದ ಮೇಲೆ ಬಿತ್ತು. "ರುದ್ರವ್ವಾ, ಇದರಾಗ ಹಾಯಿಸಿ ಗದಗ ಟೇಶನ್ ಕಾಣಸ್ತದ ನೋಡs!" ಎಂದಳು. ನಾನು ಗಬಕ್ಕನೆ ಸ್ಟ್ಯಾಂಡಿನ ಗಾಲಿ ಹಿಡಿದುಕೊಂಡೆ. ರುದ್ರವ್ವ ಅಕ್ಕನ ಮುಖ ನೋಡಿ ಗೊಳ್ಳೆಂದು ನಕ್ಕಳು, ಅಕ್ಕನೂ ನಕ್ಕಳು. "ಬಿಲ್ಲಿ ಕೊರದಾಕಿ ನೀನs ಬಿಡವಾ. ಇಂವ ಬರೇ ಹಿಡಕೊಂಡು ನಿಂತಿದ್ದ. ಮದಲನೇ ಬುಟ್ಟಿ ಬೀಗರಿಗೆ, ಎರಡನೇದು ನಿನಗ." ಇಬ್ಬರೂ ಕೈ ಹಿಡಿದುಕೊಂಡು ಟೇಶನ್ನಿಗೆ ಹೊರಟರು. ಗಂಟು ಹೊತ್ತುಕೊಂಡು ನಾನು ಹಿಂದೆ ಹೋದೆ.

ಮನೆಗೆ ಬಂದ ಮೇಲೆ ಹೋದ ಮಾನದಲ್ಲಿ ಸ್ವಲ್ಪವಾದರೂ ಮರಳಿ ಗಳಿಸೋಣವೆಂದು ನನ್ನ ಶೋಧನೆಯ ಗುಟ್ಟನ್ನು ರುದ್ರವ್ವನಿಗೆ ಹೇಳಿದೆ. ಕಟ್ಟಿಗೆಗೆ ಅಕ್ಕ, ಕಬ್ಬಿಣಕ್ಕೆ ಅತ್ತೆ. ಇಷ್ಟು ದಿನ ಅವಳ ಕಾಲನ್ನು ನಾನು ನಾಲಿಗೆಯಿಂದ ನಡೆಸಿದ್ದೆ ಎಂದೆ. ಅವಳು ಬೆರಗಾಗಲಿಲ್ಲ. ಸ್ಟ್ಯಾಂಡಿನ ಮೇಲಿನ ಹಿತ್ತಾಳೆ ಪುಡಿ ಒರೆಸುತ್ತ ಕೇಳಿದಳು:

"ಕಬ್ಬಿಣದ ಕೆಲಸ ಯಾರ ತರತಿದ್ರು?"

"ನೀನು."

"ಲಗ್ನಾಗಿ ಇಷ್ಟ ವರ್ಷ ಆದ್ರೂ ನಮ್ಮ ತವರಮನೀ ಬಗ್ಗೆ ಒಂದು ಛಲೋ ಮಾತು ನಿಮ್ಮ ಬಾಯಾಗ ಬಂದಿದ್ದಿಲ್ಲ. ಹಂಚಿನ ಹಿಡಿಕಿಗೆ ತೂತು ಹಾಕುವಾಗ ಬಂತು. ಅವತ್ತs ತಿಳೀತು ನನಗ. ರಂಗೂಬಾಯಾರು ಕಟ್ಟಿಗಿ ಖುರ್ಚಿ ತಂದಿದ್ರು, ವಾಪಸ ಕಳಿಸಿದೆ. 'ಕಬ್ಬಿಣ ಇದ್ರ ಕೊಡ್ರಿ' ಅಂದೆ."

ನನ್ನ ಮೊಣಕಾಲು ಮೊದಲನೆಯ ಸಲ ಕುಣಿಯುವುದನ್ನು ನಿಲ್ಲಿಸಿತು.

ಮುಂದಿನ ಸೋಮವಾರ ನನಗೆ ರಜೆ. ಉಪವಾಸ. ಸಾಬೂದಾಣಿಯೂ ಇಲ್ಲದ ಅಸಲೀ ಉಪವಾಸ. ಹೊಟ್ಟೆ ಚುರುಗುಡುತ್ತ ಕೂತಿರುವಾಗ ರಂಗೂಬಾಯಿಯವರು ಒಂದು ದೊಡ್ಡ ಹಿತ್ತಾಳೆಯ ತಟ್ಟೆ ತಂದು ನನ್ನ ಮುಂದಿಟ್ಟರು. ಜರಡಿ ಮಾಡಿಕೊಡಬೇಕಂತೆ. ತಟ್ಟೆಯ ತುಂಬ ರುದ್ರವ್ವನೇ ಗುರುತು ಹೊಡೆದಿದ್ದಳು. ವಾಡೆಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಮಣೆ ಹಾಕಿಕೊಂಡು ಕೂತರು. ಅವರಿಗೆಲ್ಲ ಅರ್ಥವಾಗಲೆಂದು ನನ್ನ ಗುಟ್ಟುಗಳನ್ನು ನಾನೇ ಮರಾಠಿಯಲ್ಲಿ ಹೇಳಬೇಕೆಂದೂ ಅಪ್ಪಣೆಯಾಯಿತು.

ರುದ್ರವ್ವ ಸ್ಟ್ಯಾಂಡಿನ ಮೇಲೆ ಕಾಲಿಟ್ಟು, ಸೆರಗು ಸಿಕ್ಕಿಸಿಕೊಂಡು, ಶಾಂತವಾಗಿ ಕೇಳಿದಳು:

"ಬನ್ನಿನ ಸಂಗತಿ ಆತು. ಅದರ ಜೋಡಿ ಇನ್ನೇನ ತಿಂತಿದ್ರಿ?"

ನಾನು ತಟ್ಟೆಯ ಮೇಲಿನ ಗುರುತುಗಳನ್ನು ನೋಡಿದೆ. ಬಹಳ ಇದ್ದವು. ಆಮ್ಲೆಟ್ಟಿನ ವಿಷಯ ಅಲ್ಲಿಯವರೆಗೆ ನಾನು ದೇವರಿಗೂ ಹೇಳಿರಲಿಲ್ಲ.